ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೇ ಗಾಲ್ಫ್ ಕ್ಲಬ್ (ಆಡುವ ಕೋಲು) ಮಾರಿದಿರಿ, ಕಳಿಸುವುದು ಹೇಗೆ?

ಪ್ರಶ್ನೆ: ಮೂರು ವರ್ಷದ ಹಿಂದೆ ಅಪ್ಪನಿಗೆ ಒಂದು ಗಾಲ್ಫ್ ಸೆಟ್ ಕೊಡಿಸಿದ್ದೆ. ಮಂಡಿ ನೋವಿನಿಂದ ಅವರು ಈಗ ಆಡುತ್ತಿಲ್ಲ. ಆನ್‌ಲೈನ್‌ನಲ್ಲಿ ಹಾಕಿದಾಗ ಪುಣೆಯವರೊಬ್ಬರು 42,000 ರೂಪಾಯಿಗೆ ಒಪ್ಪಿದ್ದಾರೆ. ಬ್ಯಾಗ್ ಸಮೇತ ಹಾಗೇ ಕೊರಿಯರ್‌ಗೆ ಕೊಡಬಹುದಾ? ಇನ್ಶೂರೆನ್ಸ್ ಮಾಡಿಸಲೇಬೇಕಾ?
ಮೈಸೂರಿನ ಓದುಗರು

ಉತ್ತರ: ಬ್ಯಾಗ್ ಸಮೇತ ಹಾಗೇ ಕೊಡಬೇಡಿ. ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ನಮ್ಮ ಭಾವನ ಐರನ್ (ಚಪ್ಪಟೆ ಲೋಹದ ತುದಿಯ ಕ್ಲಬ್) ಸೆಟ್ಟನ್ನು ಬೆಂಗಳೂರಿನಿಂದ ಮಂಗಳೂರಿಗೆ ನಾನೇ ಪ್ಯಾಕ್ ಮಾಡಿ ಕಳಿಸಿದ್ದೆ. ಒಳ್ಳೇ ಗಟ್ಟಿ ಬಾಕ್ಸ್, ಸುತ್ತ ಬಬಲ್ ರ‍್ಯಾಪ್, ಮೇಲೆ ಕೆಂಪು ಅಕ್ಷರದಲ್ಲಿ ಒಡೆಯುವ ವಸ್ತು ಅಂತ ಬರೆದಿದ್ದೆ. ಅಲ್ಲಿಗೆ ತಲುಪಿದಾಗ ಬಾಕ್ಸಿನ ಕೆಳಮೂಲೆಯಲ್ಲಿ ಒಂದು ಹಿಡಿ ತೂರುವಷ್ಟು ತೂತು, ಅದರಿಂದ ವೆಜ್ ಅನ್ನುವ ಕ್ಲಬ್‌ನ ಹೆಡ್ (ಚೆಂಡಿಗೆ ಹೊಡೆಯುವ ತುದಿ) ಹೊರಗೆ ಇಣುಕುತ್ತಿತ್ತು. ಏಳನೇ ನಂಬರ್ ಐರನ್‌ನ ಶಾಫ್ಟ್ (ಉದ್ದನೆಯ ಹಿಡಿಕೋಲು) ನಡುವೆ ಒಂದು ತಗ್ಗು ಬಿದ್ದಿತ್ತು. ಸ್ಟೀಲ್ ಶಾಫ್ಟಿಗೆ ಒಮ್ಮೆ ತಗ್ಗು ಬಿದ್ದರೆ ಅಲ್ಲಿ ಅದರ ಬಲ ಹೋಯಿತು ಅಂತಲೇ ಅರ್ಥ, ನೆಟ್ಟಗೆ ಮಾಡಿಸಿ ಆಡುವ ವಸ್ತುವಲ್ಲ. ಕ್ಲೇಮ್ ಕೇಳಿದೆವು. ಪ್ಯಾಕಿಂಗ್ ಸರಿಯಿರಲಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಒಳಗೆ ಹೇಗೆ ಪ್ಯಾಕ್ ಮಾಡಿದ್ದೆ ಅಂತ ತೋರಿಸಲು ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಆಗ ಗೊತ್ತಾಗಿದ್ದು, ಗಾಲ್ಫ್ ಕ್ಲಬ್ ಒಂಥರಾ ಸುತ್ತಿಗೆ ಇದ್ದ ಹಾಗೆ. ತೂಕವೆಲ್ಲ ಒಂದು ತುದಿಯಲ್ಲಿ. ಲಾರಿಯಲ್ಲಿ ಬಾಕ್ಸ್ ಜಾರಿದಾಗಲೆಲ್ಲ ಆ ತುದಿ ರಟ್ಟನ್ನು ಕುಟ್ಟುತ್ತಾ ಹೋಗುತ್ತದೆ. ಹೊರಗಿನ ಪೆಟ್ಟಿಗಿಂತ ಒಳಗಿನ ಈ ಕುಟ್ಟಾಟವೇ ಜಾಸ್ತಿ ಹಾಳು ಮಾಡುವುದು. ಹಾಗಾಗಿ ಮೊದಲ ಕೆಲಸ, ಒಳಗೆ ಒಂದೂ ಅಲ್ಲಾಡದ ಹಾಗೆ ಮಾಡುವುದು. ಪ್ರತಿ ಹೆಡ್ಡಿಗೂ ಕವರ್ ಹಾಕಿ, ಕವರ್ ಇಲ್ಲದಿದ್ದರೆ ಹಳೇ ದಪ್ಪ ಕಾಲುಚೀಲ ಸಾಕು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಐರನ್‌ಗಳನ್ನು ನಾಲ್ಕು ನಾಲ್ಕರಂತೆ ಕಟ್ಟಿ, ಕಟ್ಟಿನಲ್ಲಿ ಶಾಫ್ಟ್‌ಗಳ ನಡುವೆ ಪೇಪರ್ ಸುತ್ತಿ. ಬಾಕ್ಸಿನ ತಳಕ್ಕೆ, ಹೆಡ್ ಬರುವ ಕಡೆ, ರಟ್ಟನ್ನು ಮೂರು ನಾಲ್ಕು ಪದರ ಮಡಚಿ ಹಾಕಿ. ಇನ್ನೊಂದು, ಸುಮ್ನೆ ಬಿಡಬೇಡಿ ಇದನ್ನ: ಎಲ್ಲಕ್ಕಿಂತ ಉದ್ದದ ಕ್ಲಬ್ ಡ್ರೈವರ್ ಅಲ್ವಾ, ಅದಕ್ಕಿಂತ ಎರಡು ಬೆರಳು ಉದ್ದ ಇರುವ ಗಟ್ಟಿ ಬಿದಿರಿನ ಕೋಲೊಂದನ್ನು ಕ್ಲಬ್‌ಗಳ ಜೊತೆ ನಿಲ್ಲಿಸಿ ಕಟ್ಟಿ. ಬಾಕ್ಸ್ ತಲೆಕೆಳಗಾಗಿ ಬಿದ್ದರೆ ಪೆಟ್ಟು ಮೊದಲು ಕೋಲಿಗೆ ಬೀಳುತ್ತದೆ, ಶಾಫ್ಟ್ ಉಳಿಯುತ್ತದೆ. ವಿಮಾನದಲ್ಲಿ ಸೆಟ್ ಒಯ್ಯುವವರು ಟ್ರಾವೆಲ್ ಬ್ಯಾಗಿನೊಳಗೆ ಇಂಥದ್ದೇ ಒಂದು ರಾಡ್ ಇಡುತ್ತಾರೆ. ಕೊನೆಗೆ ಬಾಕ್ಸ್ ಮುಚ್ಚಿ, ಎತ್ತಿ ಅಲ್ಲಾಡಿಸಿ. ಲಟಲಟ ಸದ್ದು ಬಂದರೆ ಮತ್ತೆ ಬಿಚ್ಚಿ, ಬೇಜಾರು ಮಾಡಿಕೊಳ್ಳಬೇಡಿ.

ಬ್ಯಾಗ್ ಬೇಡ ಅಂದಿದ್ದಕ್ಕೆ ದುಡ್ಡಿನ ಕಾರಣವೂ ಇದೆ. ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ, ಬಾಕ್ಸ್ ಎಷ್ಟು ಜಾಗ ತಿನ್ನುತ್ತದೆ ಅಂತಲೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ ಲೆಕ್ಕ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಿಲ್. ಬ್ಯಾಗ್ ಸಮೇತದ ಬಾಕ್ಸ್ 125, 35, 30 ಸೆಂಟಿಮೀಟರ್ ಇದ್ದರೆ 26 ಕಿಲೋ ದಾಟುತ್ತದೆ, ತಕ್ಕಡಿಯಲ್ಲಿ 12 ಕಿಲೋ ತೂಗಿದರೂ. ಬರೀ ಕ್ಲಬ್‌ಗಳನ್ನು 122, 25, 20ರ ಬಾಕ್ಸಿಗೆ ಹಾಕಿದರೆ 12 ಕಿಲೋ ಚಿಲ್ಲರೆಗೆ ಮುಗಿಯುತ್ತದೆ. ಅರ್ಧಕ್ಕಿಂತ ಕಡಿಮೆ. ಬ್ಯಾಗ್ ಬೇಕಾ ಅಂತ ಪುಣೆಯವರನ್ನೇ ಕೇಳಿ, ಬಹಳಷ್ಟು ಜನರಿಗೆ ಬೇಕಿರುವುದಿಲ್ಲ.

ಇನ್ನು ಇನ್ಶೂರೆನ್ಸ್. ಬೇಕೇ ಬೇಕು. ಕೊರಿಯರ್ ರಸೀದಿಯಲ್ಲಿ ಓನರ್ಸ್ ರಿಸ್ಕ್, ಕ್ಯಾರಿಯರ್ಸ್ ರಿಸ್ಕ್ ಅಂತ ಎರಡು ಚೌಕ ಇರುತ್ತವೆ. ಯಾರೂ ಏನೂ ಹೇಳದಿದ್ದರೆ ಕೌಂಟರಿನಲ್ಲಿ ಓನರ್ಸ್ ರಿಸ್ಕ್‌ಗೇ ಟಿಕ್ ಬೀಳುತ್ತದೆ, ಅಂದರೆ ಹಾಳಾದರೆ ನಿಮ್ಮ ಹೊಣೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಗಣೆದಾರರ ಹೊಣೆಗೆ ಒಂದು ಮಿತಿ ಇದೆ, ಕೊರಿಯರ್ ಏಜೆನ್ಸಿಗಳೂ ಆ ಕಾಯ್ದೆಯೊಳಗೇ ಬರುತ್ತವೆ. ಬುಕ್ ಮಾಡುವಾಗ ಹೆಚ್ಚಿನ ಬೆಲೆ ಘೋಷಿಸದಿದ್ದರೆ, ಕಟ್ಟಿದ ಸಾಗಣೆ ಶುಲ್ಕದ ಹತ್ತು ಪಟ್ಟು, ಅಷ್ಟೇ. 900 ರೂಪಾಯಿ ಕೊಟ್ಟು ಕಳಿಸಿದ 42,000ದ ಸೆಟ್ ಕಳೆದುಹೋದರೆ ಕೈಗೆ ಬರುವುದು ಹೆಚ್ಚೆಂದರೆ 9,000. ರೈಲ್ವೆ ಪಾರ್ಸೆಲ್ ಇನ್ನೂ ಕಡಿಮೆ. ಬೆಲೆ ಘೋಷಿಸದ ಸಾಮಾನಿಗೆ ಕಿಲೋಗೆ 50 ರೂಪಾಯಿ ಮಿತಿ, ಅಂದರೆ 12 ಕಿಲೋ ಸೆಟ್ಟಿಗೆ 600. ಹಾಗಾಗಿ ಬೆಲೆ ಬರೆಸಿ, ಅದಕ್ಕೆ ಕೇಳುವ ಹೆಚ್ಚುವರಿ ಶುಲ್ಕ ಕಟ್ಟಿ, ರಸೀದಿಯಲ್ಲಿ ಆ ಮೊತ್ತ ಮುದ್ರಣವಾಗಿದೆಯಾ ಅಂತ ಅಲ್ಲೇ ನಿಂತು ನೋಡಿ. ಬಾಯಿಮಾತಿನಲ್ಲಿ ಆಯ್ತು ಸಾರ್ ಅಂದಿದ್ದು ಆಮೇಲೆ ಯಾವುದಕ್ಕೂ ಬರುವುದಿಲ್ಲ. ಹಳೇ ವಸ್ತುವಿಗೆ ಬಿಲ್ ಎಲ್ಲಿಂದ ತರುವುದು ಅಂತ ಕೇಳಬಹುದು. ಕೊಂಡಾಗಿನ ಬಿಲ್ ಇದ್ದರೆ ಅದರ ಪ್ರತಿ, ಈಗ ಮಾರಿದ ಬೆಲೆ ಕಾಣುವ ಮೆಸೇಜು, ಯುಪಿಐನಲ್ಲಿ ದುಡ್ಡು ಬಂದ ದಾಖಲೆ, ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಮಾರಿದ ಡ್ರೈವರ್ ಖರೀದಿದಾರರಿಗೆ ಮುರಿದು ತಲುಪಿದೆ. ಅವರು ದುಡ್ಡು ವಾಪಸ್ ಕೇಳುತ್ತಿದ್ದಾರೆ, ಕೊರಿಯರ್‌ನವರು ಕೈ ಎತ್ತಿದ್ದಾರೆ. ಬೆಲೆ ಘೋಷಿಸಿ ದುಡ್ಡು ಕಟ್ಟಿದ್ದೆ. ಏನು ಮಾಡಲಿ?
ಬೆಂಗಳೂರಿನ ಓದುಗರು

ಉತ್ತರ: ಮೊದಲು ಖರೀದಿದಾರರಿಗೆ ಫೋನ್ ಮಾಡಿ, ಬಾಕ್ಸ್, ಒಳಗಿನ ಪೇಪರ್, ಮುರಿದ ತುಂಡು ಏನನ್ನೂ ಎಸೆಯಬೇಡಿ ಅಂತ ಹೇಳಿ. ಇದು ಈವತ್ತೇ ಆಗಬೇಕಾದ ಕೆಲಸ. ಪರಿಶೀಲನೆಗೆ ಬಂದವರಿಗೆ ಬಾಕ್ಸ್ ಇಲ್ಲ ಅಂದರೆ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ಮುರಿದ ಜಾಗವನ್ನು ಹತ್ತಿರದಿಂದ ಫೋಟೋ ತೆಗೆಸಿ. ಗ್ರಾಫೈಟ್ ಶಾಫ್ಟ್ ಮುರಿದರೆ ತುದಿಯಲ್ಲಿ ನಾರುನಾರಾಗಿ, ಹಳೇ ಪೊರಕೆ ಕಡ್ಡಿ ಸೀಳಿದ ಹಾಗೆ ಕಾಣುತ್ತದೆ. ಬಾಕ್ಸಿನಲ್ಲಿ ಅದೇ ಎತ್ತರಕ್ಕೆ ಹೊರಗಿನಿಂದ ಒತ್ತಿದ ಗುರುತು ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಫೋಟೋ ತೆಗೆಯಲಿ. ಮಾತಿಗಿಂತ ಆ ಒಂದು ಫೋಟೋ ಜಾಸ್ತಿ ಕೆಲಸ ಮಾಡುತ್ತದೆ.

ಆಮೇಲೆ ಕೊರಿಯರ್‌ಗೆ ಬರಹದಲ್ಲಿ ನೋಟಿಸ್ ಕೊಡಿ. ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. ಈಗ ಹೇಳಿದ ರಸ್ತೆ ಸಾಗಣೆ ಕಾಯ್ದೆಯಲ್ಲಿ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು, ಇಲ್ಲದಿದ್ದರೆ ದಾವೆ ಹೂಡಲು ಆಗುವುದಿಲ್ಲ. ಕೊರಿಯರ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದಕ್ಕಿಂತ ಕಡಿಮೆ ದಿನದ ಗಡುವು ಹಾಕಿರುವುದೂ ಉಂಟು, ಅದನ್ನೂ ಓದಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ದೂರು ಕೊಡಲು ಎರಡು ವರ್ಷದ ಅವಕಾಶ ಇದೆ, ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಿಮ್ಮ ಸ್ವಂತ ವಸ್ತು ಮಾರಿದ್ದೀರಿ, ಕೊರಿಯರ್ ಸೇವೆಗೆ ದುಡ್ಡು ಕೊಟ್ಟಿದ್ದೀರಿ, ನೀವೂ ಗ್ರಾಹಕರೇ.

ಖರೀದಿದಾರರ ವಿಷಯ ಬೇರೆ. ನನ್ನ ಪ್ರಕಾರ ಅವರ ದುಡ್ಡು ನೀವು ಹಿಂತಿರುಗಿಸಬೇಕು, ಕ್ಲೇಮ್ ಬರುವ ತನಕ ಕಾಯಿಸುವುದು ಸರಿಯಲ್ಲ. ಕೊರಿಯರ್ ಆರಿಸಿದ್ದು ನೀವು, ಪ್ಯಾಕ್ ಮಾಡಿದ್ದು ನೀವು. ಪೂರ್ತಿ ಒಟ್ಟಿಗೆ ಆಗದಿದ್ದರೆ ಎರಡು ಕಂತಿನಲ್ಲಾದರೂ ಕೊಡಿ, ಆದರೆ ಯಾವಾಗ ಅಂತ ದಿನ ಹೇಳಿ ಕೊಡಿ. ಡ್ರೈವರ್‌ನ ಹೆಡ್ ಚೆನ್ನಾಗಿದ್ದರೆ ಹೊಸ ಶಾಫ್ಟ್ ಹಾಕಿಸಿಕೊಳ್ಳುವ ಖರ್ಚು ಕೊಟ್ಟು ರಾಜಿ ಆಗಬಹುದಾ ಅಂತಲೂ ಕೇಳಿ ನೋಡಿ, ಕೆಲವರಿಗೆ ಅದೇ ಅನುಕೂಲ.

ಪ್ರಶ್ನೆ: ಒಂದೇ ಒಂದು ಡ್ರೈವರ್ ಕಳಿಸಬೇಕು. ಪಿವಿಸಿ ಪೈಪಿನಲ್ಲಿ ಹಾಕಿದರೆ ಸಾಕಲ್ವಾ?
ಹುಬ್ಬಳ್ಳಿಯ ಓದುಗರು

ಉತ್ತರ: ಐರನ್, ಪಟರ್‌ಗೆ ಪೈಪು ಬಹಳ ಒಳ್ಳೇದು. ಡ್ರೈವರ್ ಹಿಡಿಸುವುದಿಲ್ಲ. ಗಾಲ್ಫ್ ನಿಯಮದ ಪ್ರಕಾರ ಡ್ರೈವರ್ ಹೆಡ್ಡಿನ ಗಾತ್ರ 460 ಸಿಸಿ ತನಕ, ಅಗಲ 5 ಇಂಚಿನ ತನಕ ಇರಬಹುದು, ಈಗಿನವು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 110 ಎಂಎಂ ಪೈಪಿಗೆ ಅದು ತೂರುವುದಿಲ್ಲ. ನಿಮ್ಮದು ಹೆಡ್ ಬಿಚ್ಚುವ ಮಾದರಿಯಾದರೆ ಅದರ ಜೊತೆ ಬಂದ ಟಾರ್ಕ್ ರೆಂಚಿನಿಂದ ಸ್ಕ್ರೂ ಸಡಿಲಿಸಿ. ಶಾಫ್ಟ್ ಪೈಪಿನಲ್ಲಿ ಹೋಗಲಿ, ಹೆಡ್ ಸಣ್ಣ ಡಬ್ಬಿಯಲ್ಲಿ. ಆ ಸ್ಕ್ರೂವನ್ನು ಹೆಡ್ಡಿಗೇ ಟೇಪ್ ಹಾಕಿ ಅಂಟಿಸಿ, ಕಳೆದುಹೋಗುವುದು ಅದೇ. ಇನ್ನೊಂದು ಲಾಭ ಇದೆ. ಮುನ್ನೂರು ಚಿಲ್ಲರೆ ಗ್ರಾಂ ತೂಗುವ ಒಂದು ಡ್ರೈವರನ್ನು 122, 15, 15ರ ಬಾಕ್ಸಿನಲ್ಲಿ ಕಳಿಸಿದರೆ ಐದೂವರೆ ಕಿಲೋ ಬಿಲ್ ಆಗುತ್ತದೆ. ಬಿಚ್ಚಿ ಕಳಿಸಿದರೆ ಅದು ಬಹಳ ಇಳಿಯುತ್ತದೆ.

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಬೇಯಲ್ಲಿ ಒಂದು ಸೆಟ್ 600 ಡಾಲರಿಗೆ ಮಾರಿದ್ದೇನೆ. ಇಲ್ಲಿ ಇನ್ಶೂರೆನ್ಸ್ ತಾನಾಗಿಯೇ ಇರುತ್ತದೆ ಅಂತಾರೆ, ನಿಜವಾ?
ನ್ಯೂಜೆರ್ಸಿಯ ಕನ್ನಡಿಗರು

ಉತ್ತರ: ಇರುತ್ತದೆ, 100 ಡಾಲರಿನಷ್ಟು ಮಾತ್ರ. ಯುಪಿಎಸ್, ಫೆಡೆಕ್ಸ್ ಎರಡೂ ಕೊರಿಯರ್‌ಗಳಲ್ಲಿ ಏನೂ ಹೇಳದಿದ್ದರೆ ಅವರ ಹೊಣೆ 100 ಡಾಲರಿಗೇ ನಿಲ್ಲುತ್ತದೆ. ಅದರ ಮೇಲಕ್ಕೆ ಬೆಲೆ ಘೋಷಿಸಿ ದುಡ್ಡು ಕಟ್ಟಬೇಕು. ಗಮನಿಸಿ, ಅದನ್ನು ಅವರು ಇನ್ಶೂರೆನ್ಸ್ ಅಂತ ಕರೆಯುವುದಿಲ್ಲ. ಅವರ ತಪ್ಪಿನಿಂದ ಹಾನಿಯಾದಾಗ ಎಷ್ಟರ ತನಕ ಹೊಣೆ ಅನ್ನುವುದಷ್ಟೇ ಅದು, ಪ್ಯಾಕಿಂಗ್ ಸರಿಯಿಲ್ಲದಿದ್ದರೆ ಅಲ್ಲೂ ಕೊಡುವುದಿಲ್ಲ. ಅಲ್ಲಿನ ಸರ್ಕಾರಿ ಅಂಚೆಯವರ ಪ್ರಯಾರಿಟಿ ಮೇಲ್, ಗ್ರೌಂಡ್ ಅಡ್ವಾಂಟೇಜ್‌ನಲ್ಲೂ ಸೇರಿಕೊಂಡು ಬರುವುದು 100 ಡಾಲರ್, ಬೇಕಾದರೆ 5,000 ಡಾಲರ್ ತನಕ ಕೊಳ್ಳಬಹುದು. ಅಂಚೆಯಲ್ಲಿ ಹಾನಿಯ ಕ್ಲೇಮ್ ಕಳಿಸಿದ ದಿನದಿಂದ 60 ದಿನದೊಳಗೆ ಹಾಕಬೇಕು.

ಬಾಕ್ಸ್ ಅಳತೆ ಹುಷಾರು. ಡ್ರೈವರ್ 45, 46 ಇಂಚು ಇರುತ್ತದೆ. ಬಾಕ್ಸಿನ ಉದ್ದ 48 ಇಂಚು ದಾಟಿದರೆ ಯುಪಿಎಸ್, ಫೆಡೆಕ್ಸ್ ಎರಡೂ ಬೇರೆಯೇ ಶುಲ್ಕ ಹಾಕುತ್ತವೆ. ಮೇಲಿಂದ ಮೆತ್ತನೆಯದು ತುಂಬಿ ಬಾಕ್ಸ್ ಉಬ್ಬಿ ಅಳತೆ ಮೀರುವುದೂ ಉಂಟು, ಟೇಪ್ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಪ್ರಶ್ನೆ: ಮಗಳು ಬೆಳೆದಳು, ಅವಳ ಚಿಕ್ಕ ಗಾಲ್ಫ್ ಸೆಟ್ ಮಾರಬೇಕು. ಒಬ್ಬರು ಸೈನ್ಯದಲ್ಲಿದ್ದೇನೆ ಅಂತ ಹೇಳಿ ಚೌಕಾಸಿ ಮಾಡದೇ ಒಪ್ಪಿದರು. ದುಡ್ಡು ಕಳಿಸಲು ಒಂದು ಕ್ಯೂಆರ್ ಕೋಡ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿ ಅಂತಿದ್ದಾರೆ.
ಬೆಂಗಳೂರಿನ ಓದುಗರು

ಉತ್ತರ: ಮಾಡಬೇಡಿ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಒತ್ತುವುದೂ ಬೇಕಿಲ್ಲ. ಇದು ಹಳೇ ಮೋಸ, ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಬಳಸಿಕೊಳ್ಳುತ್ತಾರೆ. ಈಗಾಗಲೇ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಗಂಟೆಗಳ ಲೆಕ್ಕದಲ್ಲಿ ಮಾಡಿದರೆ ತಡೆಯುವ ಸಾಧ್ಯತೆ ಇರುತ್ತದೆ.

ನಿಮ್ಮ ಸೆಟ್ ಖಂಡಿತ ಹೋಗುತ್ತದೆ. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದ ಮೇಲೆ ನಮ್ಮ ಬೀದಿಯಲ್ಲೇ ಎರಡು ಮನೆಯವರು ಹೆಣ್ಣುಮಕ್ಕಳಿಗೆ ಕ್ಲಬ್ ಹುಡುಕಿಕೊಂಡು ಬಂದಿದ್ದರು. ಎರಡು ವರ್ಷಕ್ಕೆ ಅಳತೆ ಸಾಲದಾಗುವ ವಸ್ತುವಿಗೆ ಹೊಸದರ ಬೆಲೆ ಕೊಡಲು ಯಾರಿಗೂ ಮನಸ್ಸಿರುವುದಿಲ್ಲ. ಮಗಳು ಕಲಿಯುವ ಜಾಗದ ಕೋಚನ್ನೇ ಕೇಳಿ, ಅಲ್ಲೇ ಯಾರಾದರೂ ಸಿಕ್ಕರೆ ಕೊರಿಯರ್ರೂ ಬೇಡ, ಇನ್ಶೂರೆನ್ಸೂ ಬೇಡ. ಕೊಳ್ಳುವ ಮಗು ಒಮ್ಮೆ ಕೈಯಲ್ಲಿ ಹಿಡಿದು ಬೀಸಿ ನೋಡಬಹುದು.