ವಂತಿ ಕೇಳೋದು ಯಾರ ಹತ್ತಿರ?

ಪ್ರಶ್ನೆ: ನಮ್ಮೂರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅಮ್ಮ, ತಮ್ಮ ಇದ್ದಾರೆ. ನಾಲ್ಕು ವರ್ಷದ ಹಿಂದೆ ತಮ್ಮ ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಈಗ ಗಾಲಿಕುರ್ಚಿಯಲ್ಲೇ ಓಡಾಟ. ಊರವರು ಕೆಟ್ಟವರಲ್ಲ. ಆದರೆ ಸಭೆ, ಮದುವೆ ಯಾವುದಕ್ಕೂ ಅವನನ್ನು ಕರೆಯುತ್ತಿರಲಿಲ್ಲ, ಈಗ ಕರೆದರೂ ಅವನೇ ಬರಲ್ಲ ಅಂತಾನೆ. ಹಬ್ಬದ ವಂತಿಗೂ ನನಗೇ ಫೋನ್ ಮಾಡುತ್ತಾರೆ, ನಾನು ಇಲ್ಲಿಂದಲೇ ಹಾಕಿಬಿಡುತ್ತೇನೆ. ಅವನನ್ನು ಬೆಂಗಳೂರಿಗೇ ಕರೆತರಲಾ? ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ.
– ಹೆಸರು ಬೇಡ, ರಾಜಾಜಿನಗರ

ಉತ್ತರ: ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ತಂದು ಕೂರಿಸಿದರೆ ಅವರು ಅಲ್ಲೇ ಉಳಿದುಬಿಡುತ್ತಾರೆ. ಹೇಗೋ ಕೆಳಗಿಳಿಸಿದರೂ ನಮ್ಮ ಫುಟ್‌ಪಾತು ಗೊತ್ತಲ್ಲ, ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಬೈಕು. ಊರಲ್ಲಾದರೆ ಜಗಲಿಯಾದರೂ ಇದೆ. ಅದಿರಲಿ, ಇಷ್ಟುದ್ದ ಕಾಗದದಲ್ಲಿ ತಮ್ಮ ಏನು ಬಯಸುತ್ತಾರೆ ಅನ್ನೋದೇ ಇಲ್ಲವಲ್ಲ! ಮೊದಲು ಅದನ್ನು ಕೇಳಿ.

ಮದುವೆಗೆ ಬರಲ್ಲ ಅನ್ನುವುದಕ್ಕೆ ಬೇಜಾರೊಂದೇ ಕಾರಣ ಇರಲಾರದು. ಬೆನ್ನುಹುರಿಗೆ ಪೆಟ್ಟಾದ ಬಹಳ ಜನರಿಗೆ ಮೂತ್ರದ ಹಿಡಿತ ಇರುವುದಿಲ್ಲ. ಛತ್ರದ ಶೌಚಾಲಯದ ಬಾಗಿಲಲ್ಲಿ ಎಷ್ಟೋ ಕಡೆ ಕುರ್ಚಿಯೇ ತೂರುವುದಿಲ್ಲ, ಹಾಗಾಗಿ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಟ್ಟು ಹೊರಡುವವರಿದ್ದಾರೆ, ಅದು ಸೋಂಕಿಗೆ ದಾರಿ. ನೆಂಟರ ಮುಂದೆ ಇದನ್ನೆಲ್ಲ ಹೇಳುವುದು ಹೇಗೆ? ಸುಮ್ನೆ ‘ಬರಲ್ಲ’ ಅಂದುಬಿಡುತ್ತಾರೆ. ಅಣ್ಣನಾಗಿ ನೀವು ಕೇಳಬಹುದು. ನೆಲಮಹಡಿಯಲ್ಲಿ ಒಂದು ರೂಮು ಹಿಡಿದಿಡಿ ಅಂತ ಮದುವೆಮನೆಯವರಿಗೆ ಮೊದಲೇ ಹೇಳಿ ನೋಡಿ.

ಇನ್ನು ಪಂಚಾಯ್ತಿ ಕೆಲಸ. ಗ್ರಾಮ ಪಂಚಾಯ್ತಿ ತನ್ನ ವರಮಾನದಲ್ಲಿ ಶೇ 5ರಷ್ಟನ್ನು ವಿಶೇಷಚೇತನರಿಗಾಗಿ ತೆಗೆದಿಡಬೇಕು. ಅದರ ಲೆಕ್ಕ ಕೇಳಿ. ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಯುಡಿಐಡಿ ಕಾರ್ಡ್ (ವಿಶೇಷಚೇತನರ ಗುರುತಿನ ಚೀಟಿ) ಇನ್ನೂ ಆಗಿಲ್ಲದಿದ್ದರೆ ಅವರನ್ನು ಹಿಡಿಯಿರಿ. ಕಚೇರಿಗೆ ರ‍್ಯಾಂಪ್ ಹಾಕಿಸುವಾಗ ಒಂದು ಎಚ್ಚರ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಸಿಮೆಂಟಿನ ಜಾರುಬಂಡೆ ಕಟ್ಟಿ ಫೋಟೊ ತೆಗೆಸಿಕೊಳ್ಳುವವರೇ ಜಾಸ್ತಿ.

ನನಗೆ ಚುಚ್ಚಿದ್ದು ಮಾತ್ರ ಆ ವಂತಿ ವಿಷಯ. ಹಳ್ಳಿಯಲ್ಲಿ ವಂತಿ ಕೇಳಿದರು ಅಂದರೆ ಮನೆಗೆ ಯಜಮಾನ ನೀನು ಅಂತ ಒಪ್ಪಿಕೊಂಡ ಹಾಗೆ, ಅಲ್ವಾ? ಜಗಲಿ ಮೇಲೆ ಕೂತ ತಮ್ಮನನ್ನು ದಾಟಿ ಫೋನು ರಾಜಾಜಿನಗರಕ್ಕೆ ಬರುತ್ತದೆ, ನೀವೂ ತಟ್ಟನೆ ದುಡ್ಡು ಹಾಕುತ್ತೀರಿ. ಬಯ್ಯುತ್ತಿಲ್ಲ, ಅವರಿಗೇಕೆ ತೊಂದರೆ ಅಂತಲೇ ಮಾಡಿರುತ್ತೀರಿ. ಮುಂದಿನ ಸಲ ಹಾಕಬೇಡಿ. ‘ತಮ್ಮ ಮನೇಲೇ ಇದಾನೆ, ಅವನನ್ನೇ ಕೇಳಿ’ ಅನ್ನಿ. ಬೇಕಿದ್ದರೆ ದುಡ್ಡನ್ನು ಮೊದಲೇ ಅವರ ಖಾತೆಗೆ ಹಾಕಿಡಿ. ಸಂಜೆ ಫೋನ್ ಮಾಡಿ, ವಂತಿ ಪುಸ್ತಕದಲ್ಲಿ ಯಾರ ಹೆಸರು ಬರೆದರು ಅಂತ ವಿಚಾರಿಸಿ.