ಕಣ್ಣಕಪ್ಪಡಿಗೆ ಕಣ್ಣಿಲ್ಲವೇ?

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ. ಮೊನ್ನೆ ರಾತ್ರಿ ಕರೆಂಟು ಹೋದಾಗ ನಡುಮನೆಗೆ ಒಂದು ಕಣ್ಣಕಪ್ಪಡಿ (ಸಣ್ಣ ಬಾವಲಿ) ನುಗ್ಗಿತು. ಟಾರ್ಚ್ ಹಾಕಿ ನೋಡಿದೆ. ಕಂಬಕ್ಕಾಗಲಿ, ಬಟ್ಟೆ ಒಣಹಾಕುವ ಹಗ್ಗಕ್ಕಾಗಲಿ ತಾಗದೆ ಸುತ್ತು ಹೊಡೆಯುತ್ತಿತ್ತು. ನಮ್ಮತ್ತೆ ‘ಅದಕ್ಕೆ ಕಣ್ಣೇ ಇಲ್ಲ’ ಅಂದರು. ಹಾಗಾದರೆ ಹಾರುವುದು ಹೇಗೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಕಣ್ಣಿದೆಯಮ್ಮ, ಕಾಣುತ್ತದೆ ಕೂಡ. ನಮ್ಮಜ್ಜಿಯೂ ನಿಮ್ಮತ್ತೆಯವರ ಹಾಗೇ ಹೇಳುತ್ತಿದ್ದರು. ಆದರೆ ಗವ್ವೆನ್ನುವ ಕತ್ತಲಲ್ಲಿ ಅದು ನೆಚ್ಚಿಕೊಳ್ಳುವುದು ಕಿವಿಯನ್ನು.

ನಾನು ಮೇಷ್ಟ್ರಾಗಿದ್ದ ಶಾಲೆಯ ಹಿಂದೆ ಒಂದು ಆಳದ ಬಾವಿ ಇತ್ತು. ಮಕ್ಕಳು ಬಗ್ಗಿ ‘ಹೋ’ ಅಂದರೆ ಬಾವಿಯೂ ‘ಹೋ’ ಅನ್ನುತ್ತಿತ್ತು. ಬಾವಲಿಯದೂ ಇದೇ ವಿದ್ಯೆ. ಹಾರುತ್ತಲೇ ಕೂಗುತ್ತದೆ, ತಿರುಗಿ ಬಂದ ದನಿಯನ್ನು ಕೇಳಿಸಿಕೊಳ್ಳುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಸದ್ದು ಮಾತ್ರ ಕೇಳುತ್ತದೆ. ಅದರ ಕೂಗು ಹೆಚ್ಚಾಗಿ ಅದಕ್ಕೂ ಮೇಲಿನದು. ನಿಮಗೆ ನಡುಮನೆ ಸುಮ್ನಿತ್ತು, ಅದು ಮಾತ್ರ ಒಂದೇ ಸಮನೆ ಕೂಗುತ್ತಿತ್ತು!

ಸ್ವಲ್ಪ ಲೆಕ್ಕ ಹಾಕೋಣ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಕಂಬ 3.4 ಮೀಟರ್ ದೂರದಲ್ಲಿದ್ದರೆ ಕೂಗು ಹೋಗಿ ಬರಲು ಸೆಕೆಂಡಿನ 50ರಲ್ಲಿ ಒಂದು ಪಾಲು ಸಾಕು. ಹಗ್ಗ 17 ಸೆಂಟಿಮೀಟರ್ ಹತ್ತಿರ ಬಂದಾಗ 1000ದಲ್ಲಿ ಒಂದು ಪಾಲು. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಯಾವುದು ಎಷ್ಟು ದೂರ ಎಂದು ಅದಕ್ಕೆ ತಿಳಿಯುತ್ತದೆ. ಹುಳ ಹಿಡಿಯುವ ಕೊನೇ ಗಳಿಗೆಯಲ್ಲಂತೂ ಕೆಲವು ಬಾವಲಿಗಳು ಸೆಕೆಂಡಿಗೆ 200ರ ಹತ್ತಿರ ಕೂಗು ಹಾಕುತ್ತವೆ. ಅಷ್ಟು ಜೋರಾಗಿ ಕೂಗಿದರೆ ತನ್ನದೇ ಕಿವಿ ಕಿವುಡಾಗದೇ? ಆಗುವುದಿಲ್ಲ. ಕೂಗುವಾಗ ಕಿವಿಯೊಳಗಿನ ಪುಟಾಣಿ ಸ್ನಾಯು ಬಿಗಿದುಕೊಂಡು, ಮರುಕ್ಷಣ ಸಡಿಲವಾಗುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

1790ರ ದಶಕದಲ್ಲಿ ಇಟಲಿಯ ವಿಜ್ಞಾನಿ ಸ್ಪಲ್ಲಂಜಾನಿ ಬಾವಲಿಗಳ ಕಣ್ಣು ತೆಗೆದು ನೋಡಿದರು. ಪಾಪ, ಆಗಲೂ ಅವು ಸಲೀಸಾಗಿ ಹಾರಿದವು. ಕಿವಿ ಮುಚ್ಚಿದಾಗ ಮಾತ್ರ ಅಲ್ಲಿ ಇಲ್ಲಿ ಬಡಿದುಕೊಂಡವು. ಕೇಳಿದವರು ನಂಬಲಿಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಕಿವಿಗೆ ನಿಲುಕದ ಸದ್ದು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ತಂದರು. ಆಗ ಸಿಕ್ಕಿತು ಆ ಕೂಗು.

ಆಲದ ಮರದಲ್ಲಿ ಜೋತುಬೀಳುವ ದೊಡ್ಡ ತೊಗಲುಬಾವಲಿಗೆ ಈ ವಿದ್ಯೆ ಇಲ್ಲ. ಅದಕ್ಕೆ ಕಣ್ಣು, ಮೂಗೇ ಆಧಾರ. ಇನ್ನು ಎಲೆಮೂಗಿನ ಬಾವಲಿಗಳು ಕೂಗುವುದೇ ಮೂಗಿನಿಂದ! ಅಂಥದ್ದೊಂದು ಅಪರೂಪದ ಜಾತಿ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿದೆ. ಬೆರಳೆಣಿಕೆಯ ಬಂಡೆಗಳನ್ನು ನಂಬಿ ಬದುಕಿರುವ ಜೀವ ಅದು. ಸುತ್ತ ಕಲ್ಲು ಒಡೆದದ್ದು ಅದಕ್ಕೆ ಕುತ್ತು ತಂದಿತು.

ನಿಮ್ಮ ಮನೆಗೆ ಮತ್ತೆ ಬಂದರೆ ಪೊರಕೆ ಎತ್ತಬೇಡಿ. ಬರಿಗೈಲಿ ಹಿಡಿಯಲೂ ಬೇಡಿ, ಹೆದರಿ ಕಚ್ಚೀತು. ಫ್ಯಾನ್ ನಿಲ್ಲಿಸಿ, ದೀಪ ಆರಿಸಿ, ಕಿಟಕಿ ಪೂರ್ತಿ ತೆರೆದಿಡಿ. ದಾರಿ ಅದೇ ಹುಡುಕಿಕೊಳ್ಳುತ್ತದೆ.