ರಾತ್ರಿ ಹಚ್ಚುವ ಬಾಮ್: ಡಬ್ಬಿ ಮೇಲಿನ ಹೆಸರುಗಳ ಬಗ್ಗೆ

ಚಳಿಗಾಲಕ್ಕೆ ಗದಗದಲ್ಲಿ ಮುಖ ಬಿರಿಯುತ್ತದೆ ಅಂತ ರಾತ್ರಿ ಹಚ್ಚುವ ಬಾಮ್ ತಂದಿದ್ದೀರಿ. ಡಬ್ಬಿ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೊದಲಿಗೇ ಪೆಟ್ರೊಲೇಟಮ್ ಇದೆ, ಇದು ಪೆಟ್ರೋಲಾ ಅಂತ ಕೇಳಿದ್ದೀರಿ ಅಲ್ವಾ?

ಹೆದರಬೇಡ್ರಿ. ಅದು ಮನೆಮನೆಯಲ್ಲಿರುವ ವ್ಯಾಸಲೀನ್ ಜೆಲ್ಲಿಯೇ. ಕಚ್ಚಾ ತೈಲದಿಂದಲೇ ಬರುತ್ತದೆ ನಿಜ, ಆದರೆ ಚರ್ಮಕ್ಕೆ ಬಳಸುವುದನ್ನು ಚೆನ್ನಾಗಿ ಶುದ್ಧ ಮಾಡಿರುತ್ತಾರೆ. ಅದು ತೇವ ಕೊಡುವುದಿಲ್ಲ, ಇರುವ ತೇವ ಆರಿಹೋಗದಂತೆ ತಡೆಯುತ್ತದೆ. ಹಾಗಾಗಿ ಮುಖ ತೊಳೆದು, ಸ್ವಲ್ಪ ಹಸಿ ಇರುವಾಗಲೇ ತೆಳ್ಳಗೆ ಹಚ್ಚಿ. ಒಣ ಮುಖಕ್ಕೆ ಎಷ್ಟು ಬಳಿದರೂ ಅಷ್ಟು ಉಪಯೋಗ ಆಗುವುದಿಲ್ಲ.

ಸೆರಾ ಆಲ್ಬಾ ಅಂದರೆ ಜೇನುಮೇಣ, ಬಾಮ್ ಗಟ್ಟಿಯಾಗಲು ಹಾಕುತ್ತಾರೆ. ಲ್ಯಾನೊಲಿನ್ ಕುರಿ ಉಣ್ಣೆಯ ಜಿಡ್ಡು. ಹಾವೇರಿ ಕಡೆ ಕುರಿ ಸಾಕುವವರನ್ನು ಕೇಳಿ, ಕೈಗೆ ಅಂಟುವ ಆ ಜಿಡ್ಡು ಅವರಿಗೆ ಚೆನ್ನಾಗಿ ಗೊತ್ತು. ಒಳ್ಳೆಯದೇ, ಆದರೆ ಕೆಲವರಿಗೆ ಅಲರ್ಜಿ ಆಗುತ್ತದೆ.

ನನಗೆ ಅನುಮಾನ ಇರುವುದು ಪರ್ಫ್ಯೂಮ್ ಮೇಲೆ. ಆ ಒಂದೇ ಹೆಸರಿನಡಿ ಹತ್ತಾರು ಸುವಾಸನೆಗಳು ಇರಬಹುದು. ಬಿರಿದ ಚರ್ಮಕ್ಕೆ ಅದು ಬೇಡವೇ ಬೇಡ.

ಇನ್ನೊಂದು ಮಾತು. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಡಬ್ಬಿ ಮೇಲೆ ಕೇಸರಿ ಹೂವಿನ ಚಿತ್ರ ಇದ್ದು, ಪಟ್ಟಿಯ ಕೊನೆಯಲ್ಲಿ ಕೇಸರಿ ಇದ್ದರೆ ಸುಮ್ನೆ ಅದಕ್ಕೆ ದುಡ್ಡು ಕೊಡಬೇಡಿ.

ಮೊಡವೆ ಇದ್ದರೆ ಕೊಬ್ಬರಿ ಎಣ್ಣೆ ಇರುವ ಬಾಮ್ ಬಿಡಿ. ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಅಂತ ಕಂಡರೆ ಬಸುರಿಯರು ಮುಟ್ಟಬಾರದು. ಮುಖಕ್ಕೆ ಹಚ್ಚುವ ಮೊದಲು ಎರಡು ಮೂರು ರಾತ್ರಿ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ.